2.2 ಮೀಟರ್ ಪೈಪು ಹಿಡಿದು ನಡೆದಾಗ

‘ಬಸ್ ಸ್ಟ್ಯಾಂಡ್ ರಸ್ತೆ, ಅನಧಿಕೃತ ಫ್ಲೆಕ್ಸ್, ತೆರವುಗೊಳಿಸಲಾಗಿದೆ.’ ರಿಜಿಸ್ಟರ್‌ನಲ್ಲಿ ಹೀಗೆ ಬರೆದು ಸಹಿ ಹಾಕಿದವನು ನಾನೇ. ಮರುದಿನ ಬೆಳಿಗ್ಗೆ ಅದೇ ರಸ್ತೆಯ ಲೈಟ್ ಕಂಬದ ಹತ್ತಿರ ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ಕೆನ್ನೆ ಹರಿಯಿತು. ನಮ್ಮ ಹುಡುಗರು ಫ್ಲೆಕ್ಸ್ ಕಿತ್ತು ಟ್ರ್ಯಾಕ್ಟರ್‌ಗೆ ಹಾಕಿದ್ದರು. ಕಂಬಕ್ಕೆ ಸುತ್ತಿದ್ದ ಬೈಂಡಿಂಗ್ ವೈರು ಮಾತ್ರ ಹಾಗೇ ಉಳಿದಿತ್ತು. ಅದರ ತುದಿ ತಾಗಿದ್ದು ಮಗುವಿನ ಕಣ್ಣಿಗಿಂತ ಎರಡು ಬೆರಳು ಕೆಳಗೆ.

ಬಯಲುಸೀಮೆಯ ಒಂದು ಪುರಸಭೆಯಲ್ಲಿ ನಾನು ಆರೋಗ್ಯ ನಿರೀಕ್ಷಕ. ಅಲ್ಲಿಯವರೆಗೆ ಎಷ್ಟು ಫ್ಲೆಕ್ಸ್ ತೆಗೆದೆವು ಅಂತ ಎಣಿಸುವುದೇ ಕೆಲಸ ಅಂದುಕೊಂಡಿದ್ದೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ಸಾವಿರಾರು ಫ್ಲೆಕ್ಸ್ ಇಳಿದಾಗ ನಮಗೂ ಲೆಕ್ಕ ಕೊಡುವ ಹುಮ್ಮಸ್ಸು ಬಂದಿತ್ತು. ಆ ಮಗುವಿನ ಮನೆಗೆ ಹೋಗಿ ಬಂದ ಮೇಲೆ ಲೆಕ್ಕದ ಮೇಲೆ ನನಗೆ ನಂಬಿಕೆ ಹೋಯಿತು. ನಡೆಯುವವರಿಗೆ ದಾರಿ ಆಯಿತಾ ಇಲ್ಲವಾ, ಅದನ್ನು ಅಳೆಯಬೇಕಿತ್ತು.

ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐಆರ್‌ಸಿ) ಪಾದಚಾರಿ ಮಾರ್ಗಸೂಚಿ ಇದೆ, ಐಆರ್‌ಸಿ 103. ನಡೆಯುವ ಜಾಗ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರದವರೆಗೆ ಏನೂ ಅಡ್ಡ ಇಲ್ಲದಂತೆ ಇರಬೇಕು ಅನ್ನುತ್ತದೆ ಅದು. ಪ್ಲಂಬರ್ ಅಂಗಡಿಯಲ್ಲಿ 2.2 ಮೀಟರ್ ಪಿವಿಸಿ ಪೈಪು ಕತ್ತರಿಸಿಕೊಂಡೆ. 1.8ರ ಗುರುತಿಗೆ ಕೆಂಪು ಟೇಪು ಸುತ್ತಿದೆ. ನೆಟ್ಟಗೆ ಹಿಡಿದರೆ ಎತ್ತರ, ಮಲಗಿಸಿದರೆ ಅಗಲ. ಬಸ್ ಸ್ಟ್ಯಾಂಡ್‌ನಿಂದ ಸರ್ಕಾರಿ ಆಸ್ಪತ್ರೆವರೆಗೆ ಅದನ್ನು ಹಿಡಿದು ನಡೆದೆ. ಯಾಕೆ ಆ ರಸ್ತೆ ಅಂದರೆ, ಅಲ್ಲಿ ಕಾಯಿಲೆಯವರು, ಬಸುರಿಯರು, ವಯಸ್ಸಾದವರೇ ಜಾಸ್ತಿ.

ಪೈಪು ತಗುಲದ ಹತ್ತು ಹೆಜ್ಜೆ ಸಿಗಲಿಲ್ಲ. ಹುಟ್ಟುಹಬ್ಬದ ಫ್ಲೆಕ್ಸ್, ಕೋಚಿಂಗ್ ಸೆಂಟರ್ ಬೋರ್ಡು, ಬೇಕರಿಯವರು ಹೊರಗಿಟ್ಟ ಸ್ಟ್ಯಾಂಡು. ಹೋದ ವರ್ಷದ ಗಣೇಶನ ಕಮಾನಿಗೆ ತೋಡಿದ ಗುಂಡಿ ಇನ್ನೂ ಬಾಯಿ ತೆರೆದುಕೊಂಡಿತ್ತು. ನಮ್ಮೂರಲ್ಲಿ ಚರಂಡಿ ಮೇಲಿನ ಚಪ್ಪಡಿಯೇ ಫುಟ್‌ಪಾತ್. ಬಹಳ ಕಡೆ 1.8 ಮೀಟರ್ ಇಲ್ಲವೇ ಇಲ್ಲ. ಇಲ್ಲದ ಕಡೆ ಯಾವ ಬೋರ್ಡೂ ಬೇಡ ಅಂತ ತೀರ್ಮಾನ ಮಾಡಿದೆ. ಅದು ಸರಿ ಅಂತ ಈಗಲೂ ಅನ್ನಿಸುತ್ತದೆ.

ಶಾಲೆಯ ತಿರುವಿನಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಮಗುವಿನ ಎತ್ತರಕ್ಕೆ ಇಳಿದರೆ ಬರುವ ಬಸ್ಸು ಕಾಣುವುದಿಲ್ಲ, ಫ್ಲೆಕ್ಸಿನಲ್ಲಿರುವವರ ಪಾದಗಳು ಕಾಣುತ್ತವೆ. ಡ್ರೈವರಿಗೂ ಮಗು ಕಾಣುವುದಿಲ್ಲ, ಅಲ್ವಾ? ಹಾಗಾಗಿ ಮೊದಲು ತಿರುವುಗಳನ್ನೇ ಖಾಲಿ ಮಾಡಿದೆವು. ಬೆಳಿಗ್ಗೆ ಐದೂವರೆಗೆ, ಪೌರಕಾರ್ಮಿಕರ ಪಾಳಿಯ ಜೊತೆಗೇ. ಮೊದಲ ದಿನ ಮೊದಲು ಇಳಿದದ್ದು ನಮ್ಮದೇ ಕಚೇರಿಯ ಸ್ವಚ್ಛತಾ ಫ್ಲೆಕ್ಸ್. ಒಂದು ರಸ್ತೆ ಅಂದರೆ ಆ ರಸ್ತೆಯದೆಲ್ಲವೂ, ಅದೇ ಬೆಳಿಗ್ಗೆ. ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆದರೆ ಊರಿಗೆ ಉತ್ತರ ಕೊಡಲು ಆಗುವುದಿಲ್ಲ. ಕಟಿಂಗ್ ಪ್ಲೇಯರ್ ಜೊತೆಗೆ ಒಂದು ಡಬ್ಬ, ಒಂದು ಚೀಲ ಜಲ್ಲಿ-ಸಿಮೆಂಟ್ ಟ್ರ್ಯಾಕ್ಟರ್ ಏರಿದವು. ವೈರು ಡಬ್ಬಕ್ಕೆ ಬೀಳಬೇಕು, ಗುಂಡಿ ಮುಚ್ಚಬೇಕು. ಆಮೇಲೆ ರಿಜಿಸ್ಟರ್.

ಫೋನುಗಳು ಬಂದವು. ‘ನಮ್ಮಣ್ಣನ ಫ್ಲೆಕ್ಸೇ ಕಂಡಿತಾ?’ ನಾನು ವಾದ ಮಾಡಲಿಲ್ಲ. 2019ರಲ್ಲಿ ಚೆನ್ನೈನಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ ಯುವತಿಯ ಮೇಲೆ ಬ್ಯಾನರ್ ಬಿದ್ದು, ಹಿಂದೆ ಬಂದ ಟ್ಯಾಂಕರ್ ಹರಿದು ಪ್ರಾಣ ಹೋದದ್ದನ್ನು ಹೇಳುತ್ತಿದ್ದೆ. ‘ನಿಮ್ಮ ಫ್ಲೆಕ್ಸಿನ ಕೆಳಗೆ ಯಾರ ಮನೆ ಮಗಳು ಹೋಗುತ್ತಾಳೋ’ ಅಂದರೆ ಬಹಳಷ್ಟು ಜನ ಸುಮ್ಮನಾಗುತ್ತಿದ್ದರು.

ನನಗೆ ಕಷ್ಟವಾದದ್ದು ಶ್ರದ್ಧಾಂಜಲಿ ಫ್ಲೆಕ್ಸ್. ಆಸ್ಪತ್ರೆ ತಿರುವಿನಲ್ಲಿ ಬೈಕ್ ಅಪಘಾತದಲ್ಲಿ ಹೋದ ಹುಡುಗನದ್ದೊಂದು ಇತ್ತು. ಸ್ನೇಹಿತರು ಕಟ್ಟಿದ್ದು. ಕಿತ್ತು ಟ್ರ್ಯಾಕ್ಟರ್‌ಗೆ ಎಸೆಯಲು ಕೈ ಬರಲಿಲ್ಲ. ಹುಡುಗನ ತಂದೆಯ ಹತ್ತಿರ ಹೋಗಿ ಕೂತೆ. ಆ ತಿರುವಿನಲ್ಲಿ ಎದುರು ಗಾಡಿ ಕಾಣುತ್ತಿಲ್ಲ ಅಂತ ಅಷ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ತಾವೇ ಬಂದು ಬಿಚ್ಚಿದರು, ಮಡಚಿ ಮನೆಗೆ ಒಯ್ದರು. ತಿಥಿಯವರೆಗೆ ಅದನ್ನು ಅವರ ಕಾಂಪೌಂಡ್ ಒಳಗೆ ಕಟ್ಟಲು ನಮ್ಮ ಹುಡುಗರೇ ಕೈ ಹಾಕಿದರು. ಅದಾದ ಮೇಲೆ ಊರಲ್ಲಿ ಯಾವ ಸಾವಾದರೂ ನಾನು ಮೊದಲು ಮನೆಗೆ ಹೋಗುತ್ತೇನೆ.

ದಂಡವನ್ನು ನಾನು ಹೆಚ್ಚು ನೆಚ್ಚಲಿಲ್ಲ. ಸಾರ್ವಜನಿಕ ಜಾಗ ವಿರೂಪಗೊಳಿಸುವುದನ್ನು ತಡೆಯುವ 1981ರ ಕಾಯ್ದೆಯಲ್ಲಿ 6 ತಿಂಗಳವರೆಗೆ ಜೈಲು ಇದೆ. ಆದರೆ ದಂಡ ಅಂದರೆ 1,000 ರೂಪಾಯಿವರೆಗೆ ಮಾತ್ರ. ದೊಡ್ಡ ಫ್ಲೆಕ್ಸ್ ಒಂದಕ್ಕೆ ಅದಕ್ಕಿಂತ ಜಾಸ್ತಿ ಖರ್ಚಾಗುತ್ತದೆ. ಅದಕ್ಕಿಂತ ಕೆಲಸ ಮಾಡಿದ್ದು ಪ್ರಿಂಟಿಂಗ್ ಅಂಗಡಿಗಳ ಜೊತೆಗಿನ ಮಾತುಕತೆ. ಪ್ಲಾಸ್ಟಿಕ್ ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಆ ಆದೇಶದ ಪ್ರತಿ ಕೊಟ್ಟು ಬಂದೆ. ಬಟ್ಟೆಯ ಮೇಲೆ ಅಚ್ಚು ಹಾಕಿ, ಪುರಸಭೆಯ ಅನುಮತಿ ನಂಬರ್ ಮತ್ತು ತೆಗೆಯುವ ತಾರೀಕು ಮೂಲೆಯಲ್ಲಿ ಇರಲಿ ಅಂದೆ. ಇಬ್ಬರು ಒಪ್ಪಿದರು. ಮೂರನೆಯವರು ಒಪ್ಪಲು ನಾಲ್ಕು ಸಲ ಹೋಗಬೇಕಾಯಿತು.

ಎಲ್ಲ ಮುಗಿದಿಲ್ಲ. ಚುನಾವಣೆ ಬಂದರೆ ಪಕ್ಕದೂರಲ್ಲಿ ಅಚ್ಚು ಹಾಕಿಸಿ ತರುತ್ತಾರೆ. ಅಂಗಡಿ ಸ್ಟ್ಯಾಂಡುಗಳು ಬೆಳಿಗ್ಗೆ ಒಳಗೆ, ಸಂಜೆ ಹೊರಗೆ.

ಪೈಪು ಈಗ ನನ್ನ ಹತ್ತಿರ ಇಲ್ಲ. ಆ ರಸ್ತೆ ಗುಡಿಸುವ ಪೌರಕಾರ್ಮಿಕ ಹೆಂಗಸು ಅದನ್ನು ತಳ್ಳುಗಾಡಿಗೆ ಕಟ್ಟಿಕೊಂಡಿದ್ದಾರೆ. ಕಳೆದ ವಾರ ಅವರು ನನ್ನನ್ನು ಕರೆದು ತೋರಿಸಿದರು. ನಾವೇ ಹೊಸದಾಗಿ ನಿಲ್ಲಿಸಿದ ‘ವಾಹನ ನಿಲುಗಡೆ ನಿಷೇಧ’ ಬೋರ್ಡಿಗೆ ಪೈಪು ತಗುಲುತ್ತಿತ್ತು. ಒಂದು ಗೇಣು ತಗ್ಗು. ಮಧ್ಯಾಹ್ನವೇ ವೆಲ್ಡರ್ ಕರೆಸಿ ಎತ್ತರ ಮಾಡಿಸಿದೆವು.