ಕೊಟ್ಟಿಗೆಯ ಉಣ್ಣೆ: ಹಸುವಿಗಿಂತ ಮೊದಲು ಗೋಡೆ ನೋಡಿ

ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜರ್ಸಿ ಮಿಶ್ರತಳಿ ಸಾಕುವವರು ಉಣ್ಣೆ ಕಂಡ ಕೂಡಲೇ ಹಸುವಿನ ಮೈಗೆ ಔಷಧಿ ಹೊಡೆಯುತ್ತಾರೆ. ಹತ್ತು ಹದಿನೈದು ದಿನಕ್ಕೆ ಮತ್ತೆ ಅಷ್ಟೇ ಉಣ್ಣೆ. ಔಷಧಿ ನಕಲಿ ಅನ್ನುವ ಮೊದಲು ಒಂದು ರಾತ್ರಿ ಟಾರ್ಚ್ ಹಿಡಿದು ಕೊಟ್ಟಿಗೆಯ ಗೋಡೆ ಬಿರುಕು, ಗೋದಲಿಯ ತಳ, ಮರದ ಕಂಬದ ಸಂದು ನೋಡಿ. ನಾನು ಕೆಲಸ ಶುರು ಮಾಡುವುದೇ ಅಲ್ಲಿಂದ.

ಬಯಲುಸೀಮೆಯ ಕೊಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಜಾತಿಯ ಉಣ್ಣೆ ಕಾಣುತ್ತದೆ. ಬೂಫಿಲಸ್‌ಗೆ ಗಿಡ್ಡ ಕಾಲು, ರಕ್ತ ಕುಡಿದು ಊದಿದರೆ ಬೂದು ಬಣ್ಣದ ಹರಳು ಬೀಜದ ಹಾಗೆ ಕಾಣುತ್ತದೆ. ಮರಿಯಾಗಿ ಹತ್ತಿದ ಹಸುವಿನ ಮೇಲೆಯೇ ಬೆಳೆದು ಸುಮಾರು 21 ದಿನಕ್ಕೆ ಉದುರಿ, ನೆಲದಲ್ಲಿ ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ. ಮೂತ್ರದ ಬಣ್ಣ ಕೆಡಿಸುವ ಬೆಬೀಸಿಯಾ ರೋಗ ಹರಡುವುದು ಇದು. ರೋಗಾಣು ತಾಯಿಯಿಂದ ಮೊಟ್ಟೆಯ ಮೂಲಕ ಮರಿ ಉಣ್ಣೆಗೂ ದಾಟುತ್ತದೆ. ಹಯಲೋಮಾ ಬೇರೆ ತರಹ. ಕಂದು ಮೈ, ಉದ್ದ ಕಾಲು, ಕಾಲಿನ ಗೆಣ್ಣಿಗೆ ತೆಳು ಬಣ್ಣದ ಪಟ್ಟೆ, ಓಟ ಜೋರು. ಹಸುವಿನಿಂದ ಇಳಿದು ಬಿರುಕಿನೊಳಗೆ ಪೊರೆ ಕಳಚಿ ಮತ್ತೊಂದು ಹಸುವಿಗೆ ಹತ್ತುತ್ತದೆ. ಜ್ವರ, ಗಡ್ಡೆ ಬರಿಸುವ ಥೈಲೇರಿಯಾ ರೋಗ ತರುವುದು ಇದೇ. ಗೋಡೆ ಬಿಟ್ಟು ಬರೀ ಹಸುವಿಗೆ ಹೊಡೆದರೆ ಇದು ಎಂದೂ ಮುಗಿಯುವುದಿಲ್ಲ.

ಗೋಡೆ ಕೆಲಸಕ್ಕೆ ಹಸುಗಳನ್ನು ಹೊರಗೆ ಕಟ್ಟಿ, ಗೋದಲಿಯ ಮೇವು ತೆಗೆದು, ಅಮಿಟ್ರಾಜ್ 12.5% ಔಷಧಿಯನ್ನು ಲೀಟರ್ ನೀರಿಗೆ 4 ಮಿಲೀ ಬೆರೆಸುತ್ತೇನೆ. ಮೇಲಿನಿಂದ ಚಿಮುಕಿಸಿದರೆ ಪ್ರಯೋಜನವಿಲ್ಲ. ನಾಜಲ್ಲನ್ನು ಬಿರುಕಿನ ಬಾಯಿಗೇ ಹಿಡಿದು, ಔಷಧಿ ತುಂಬಿ ವಾಪಸ್ ಸೋರುವ ತನಕ ಹೊಡೆಯಬೇಕು. ಎರಡು ದಿನ ಬಿಟ್ಟು ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು ಹಾಕಿದ ಗಾರೆಯಿಂದ ಬಿರುಕು ಮುಚ್ಚಿ, ಒಣಗಿದ ಮೇಲೆ ಸುಣ್ಣ ಬಳಿಯಬೇಕು. ಸುಣ್ಣ ಯಾವಾಗಲೂ ಕೊನೆಗೆ. ಸುಣ್ಣದ ಗೋಡೆಯ ಮೇಲೆ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಹೊಡೆದರೆ ಕ್ಷಾರಕ್ಕೆ ಔಷಧಿ ಬೇಗ ಸತ್ವ ಕಳೆದುಕೊಳ್ಳುತ್ತದೆ.

ಹಸುವಿನ ಮೈಗೆ ಡೆಲ್ಟಾಮೆಥ್ರಿನ್ 1.25% ಲೀಟರಿಗೆ 2 ಮಿಲೀ. ದೊಡ್ಡ ಹಸುವಿಗೆ ಮೂರು ಲೀಟರ್ ದ್ರಾವಣವಾದರೂ ಬೇಕು. ಅರ್ಧ ಲೀಟರಿನಲ್ಲಿ ಬೆನ್ನು ಒದ್ದೆ ಮಾಡಿ ಬಿಡುವುದೇ ಹೆಚ್ಚಿನವರು ಮಾಡುವ ತಪ್ಪು. ಉಣ್ಣೆ ಇರುವುದು ಕಿವಿಯೊಳಗೆ, ಗಂಗೆದೊಗಲಿನ ಮಡಿಕೆಯಲ್ಲಿ, ಬಾಲದ ಬುಡದಲ್ಲಿ, ತೊಡೆ ಸಂದಿನಲ್ಲಿ, ಕೆಚ್ಚಲ ಹಿಂದೆ. ಕಿವಿಗೆ ಪಂಪು ಬೇಡ, ಬಟ್ಟೆ ಅದ್ದಿ ಒರೆಸಿ. ಹೊಡೆಯುವ ಮೊದಲು ಹೊಟ್ಟೆ ತುಂಬ ನೀರು ಕುಡಿಸಿ, ಒಣಗುವ ತನಕ ಮೈ ನೆಕ್ಕದಂತೆ ತಲೆ ಗಿಡ್ಡ ಕಟ್ಟಿ. ಹಾಲು ಕರೆದ ಮೇಲೆಯೇ ಹೊಡೆಯಿರಿ, ಮುಂದಿನ ಹೊತ್ತಿಗೆ ಕೆಚ್ಚಲು ಚೆನ್ನಾಗಿ ತೊಳೆಯಿರಿ, ಹಾಲು ಎಷ್ಟು ಹೊತ್ತು ಬಳಸಬಾರದೆಂದು ಬಾಟಲಿ ಮೇಲೆ ಇರುವುದನ್ನು ಪಾಲಿಸಿ. ಕಳೆನಾಶಕ ಹೊಡೆದ ಪಂಪು ಖಂಡಿತ ಬೇಡ. ಉಳಿದ ದ್ರಾವಣ ಕೆರೆ ಕಟ್ಟೆಗೆ ಸೇರಿದರೆ ಮೀನು ಸಾಯುತ್ತವೆ.

ಎರಡನೇ ಸಲ ಹೊಡೆಯುವುದು ಹದಿನೈದು ದಿನಕ್ಕೆ. 21 ದಿನ ತುಂಬಿ ಹೊಸ ಉಣ್ಣೆ ಊದಿ ಉದುರುವ ಮೊದಲೇ ಹಿಡಿಯುವುದು ಇದರ ಲೆಕ್ಕ. ನೆಲದಲ್ಲಿರುವ ಮೊಟ್ಟೆ ವಾರಗಟ್ಟಲೆ ಒಡೆಯುತ್ತಲೇ ಇರುವುದರಿಂದ ನಾಲ್ಕೈದು ಸುತ್ತು ಬೇಕೇ ಬೇಕು. ಔಷಧಿ ಹೊಡೆದ ಎರಡು ದಿನದ ನಂತರವೂ ಉಣ್ಣೆ ಕಾಲಾಡಿಸುತ್ತಿದ್ದರೆ ಮೊದಲು ಪ್ರಮಾಣ ಸರಿಯಿತ್ತೇ ನೋಡಿ, ಸರಿಯಿದ್ದರೆ ಔಷಧಿಯ ಗುಂಪು ಬದಲಿಸಿ. ಡೆಲ್ಟಾಮೆಥ್ರಿನ್ ಬಿಟ್ಟು ಸೈಪರ್‌ಮೆಥ್ರಿನ್ ತಂದರೆ ಬದಲಿಸಿದಂತಲ್ಲ, ಎರಡೂ ಒಂದೇ ಗುಂಪು. ಅಮಿಟ್ರಾಜ್ ಬೇರೆ ಗುಂಪು. ಮೈಗೆ ಲೀಟರಿಗೆ 2 ಮಿಲೀ. ಕುದುರೆ ಇದ್ದವರು ಅದಕ್ಕೆ ಇದನ್ನು ಮುಟ್ಟಿಸಬೇಡಿ. ಐವರ್ಮೆಕ್ಟಿನ್ ಚುಚ್ಚುಮದ್ದು ಪಡ್ಡೆಗಳಿಗೆ ಸರಿ, ಹಾಲು ಕೊಡುವ ಹಸುವಿಗೆ ಬೇಡ.

ಉಣ್ಣೆ ಕಡಿಮೆ ಇದ್ದಾಗ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಹೇಳುವ ಮನೆಮದ್ದು ಬಳಸುತ್ತೇನೆ: ಬೆಳ್ಳುಳ್ಳಿ ಹತ್ತು ಎಸಳು, ಬಜೆ 10 ಗ್ರಾಂ, ಅರಿಶಿನ ಪುಡಿ 20 ಗ್ರಾಂ, ಬೇವಿನ ಸೊಪ್ಪು, ಬೇವಿನ ಹಣ್ಣು, ತುಳಸಿ, ಲಂಟಾನ ಎಲೆ ಒಂದೊಂದು ಹಿಡಿ. ರುಬ್ಬಿ ಒಂದು ಲೀಟರ್ ನೀರಿಗೆ ಹಾಕಿ ಸೋಸಿ, ವಾರಕ್ಕೊಮ್ಮೆ. ಮೈ ತುಂಬ ಉಣ್ಣೆ ಮುತ್ತಿದಾಗ ಮಾತ್ರ ಇದನ್ನೇ ನಂಬಿ ಕೂರಬಾರದು.

ಮಲೆನಾಡಿನವರಿಗೆ ಇನ್ನೊಂದು ಮಾತು. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗೊತ್ತಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ, ಮುಖ್ಯವಾಗಿ ಡಿಸೆಂಬರಿನಿಂದ ಮೇ ತನಕ. ಆ ತಿಂಗಳುಗಳಲ್ಲಿ ಕೊಟ್ಟಿಗೆಗೆ ಹಾಸಲು ಕಾಡಿನ ತರಗೆಲೆ ತರಬೇಡಿ. ಕಾಡಿಗೆ ಹೋಗುವಾಗ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಮೈಗೆ ಹತ್ತಿದ ಉಣ್ಣೆಯನ್ನು ಬೆರಳಲ್ಲಿ ಹಿಸುಕಬಾರದು.

ರೋಗ ಬಂತೆಂದು ಗುರುತಿಸುವುದರಲ್ಲಿ ತಡವಾದರೆ ಹಸು ಉಳಿಯುವುದಿಲ್ಲ. ಮನೆಯಲ್ಲಿ ಥರ್ಮಾಮೀಟರ್ ಇರಲಿ. 104ರ ಮೇಲೆ ಜ್ವರ, ಹಾಲು ದಿಢೀರ್ ಇಳಿತ, ಹೆಗಲ ಮುಂದೆ ಕೈಗೆ ಸಿಗುವ ಗಡ್ಡೆ ಇದ್ದರೆ ಥೈಲೇರಿಯಾ ಸಂಶಯ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಬೆಬೀಸಿಯಾ. ಮೂತ್ರ ಕೆಂಪಾಗದೆ ಕಣ್ಣು ಬಿಳಿಚಿ ಹಳದಿಯಾಗಿ, ಸಗಣಿ ಗಟ್ಟಿಯಾದರೆ ಉಣ್ಣೆಯಿಂದಲೇ ಬರುವ ಮೂರನೇ ರೋಗ ಅನಾಪ್ಲಾಸ್ಮಾ ಇರಬಹುದು. ಔಷಧಿ ಕೊಡಿಸುವ ಮೊದಲೇ ಡಾಕ್ಟರಿಗೆ ಹೇಳಿ ರಕ್ತದ ಲೇಪನ ತೆಗೆಸಿ, ಏಕೆಂದರೆ ಮೂರಕ್ಕೂ ಮದ್ದು ಬೇರೆ ಬೇರೆ. ಥೈಲೇರಿಯಾಕ್ಕೆ ಬುಪಾರ್ವಾಕ್ವೋನ್, 20 ಕೆಜಿ ತೂಕಕ್ಕೆ 1 ಮಿಲೀ, ಅಂದರೆ 400 ಕೆಜಿ ಹಸುವಿಗೆ 20 ಮಿಲೀ. ಕುತ್ತಿಗೆಯ ಸ್ನಾಯುವಿಗೆ ಎರಡು ಜಾಗದಲ್ಲಿ ಹಂಚಿ ಕೊಡುತ್ತಾರೆ. ದುಬಾರಿ ಎಂದು ಬರೀ ಆಕ್ಸಿಟೆಟ್ರಾಸೈಕ್ಲಿನ್ ಆಂಟಿಬಯೋಟಿಕ್‌ನಲ್ಲಿ ಎರಡು ಮೂರು ದಿನ ಕಳೆದರೆ ರಕ್ತ ಇಳಿದುಹೋಗಿ, ಆಮೇಲೆ ಸರಿಯಾದ ಮದ್ದು ಕೊಟ್ಟರೂ ಹಸು ಏಳುವುದಿಲ್ಲ. ಎರಡು ತಿಂಗಳು ದಾಟಿದ ಮಿಶ್ರತಳಿ ಕರುಗಳಿಗೆ ಥೈಲೇರಿಯಾ ಲಸಿಕೆ ಇದೆ, 3 ಮಿಲೀ ಚರ್ಮದಡಿ. ಅದನ್ನು ದ್ರವ ಸಾರಜನಕದಲ್ಲಿಟ್ಟೇ ತರಬೇಕು, ಹಾಗಾಗಿ ಊರಿನ ನಾಲ್ಕಾರು ಮನೆಯವರು ಸೇರಿ ತರಿಸುವುದು ಅನುಕೂಲ.

ಚೇತರಿಸಿಕೊಂಡ ಹಸುವಿನ ರಕ್ತದಲ್ಲಿ ರೋಗಾಣು ಬಹಳ ಕಾಲ ಉಳಿಯುತ್ತದೆ. ಅದನ್ನು ಕಚ್ಚಿದ ಉಣ್ಣೆ ಪಕ್ಕದ ಕರುವಿಗೆ ಹತ್ತಬಾರದು. ಅದಕ್ಕೇ ಪ್ರತಿ ಸುತ್ತಿನಲ್ಲೂ ಔಷಧಿ ಮೊದಲು ಬೀಳಬೇಕಾದ್ದು ಆ ಹಸುವಿಗೆ ಮತ್ತು ಅದನ್ನು ಕಟ್ಟುವ ಜಾಗದ ಗೋಡೆಗೆ.