ಅಪ್‌ಡೇಟ್ ಆದಮೇಲೆ ಕಂಪ್ಯೂಟರ್ ಏಳ್ತಿಲ್ವಾ? ಫಾರ್ಮ್ಯಾಟ್ ಆಮೇಲೆ, ಮೊದಲು ಇದನ್ನು ಮಾಡಿ

ವಿಂಡೋಸ್ ಅಪ್‌ಡೇಟ್ ಆಯಿತು. ಇಲ್ಲವೇ ಹೊಸ ಡ್ರೈವರ್ (ಪ್ರಿಂಟರ್, ಗ್ರಾಫಿಕ್ಸ್‌ನಂಥ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್), ಹೊಸ ಆಂಟಿವೈರಸ್ ಹಾಕಿದಿರಿ. ರೀಸ್ಟಾರ್ಟ್ ಮಾಡಿದರೆ ಲೋಗೋ ಬರುತ್ತದೆ, ಚುಕ್ಕಿಗಳು ಸುತ್ತುತ್ತವೆ, ಅಲ್ಲಿಗೇ ನಿಂತುಬಿಡುತ್ತದೆ. ಹೆಚ್ಚಿನವರು ಆಗ ಗಾಬರಿಯಲ್ಲಿ ಸಿಕ್ಕಿದ್ದನ್ನೆಲ್ಲ ಒತ್ತಿ, ಕೊನೆಗೆ ಫಾರ್ಮ್ಯಾಟ್ ಮಾಡಿಸಿ ಕೂರುತ್ತಾರೆ. ನಿನ್ನೆವರೆಗೂ ಸರಿಯಿದ್ದ ಯಂತ್ರ ಹೊಸದೇನೋ ಹಾಕಿದ ಮೇಲೆ ಕೆಟ್ಟಿದ್ದರೆ, ಮೊದಲು ಆ ಹೊಸದನ್ನೇ ತೆಗೆದು ನೋಡಬೇಕು ಅಲ್ವಾ? ವಿಂಡೋಸ್ 10 ಮತ್ತು 11ರಲ್ಲಿ ದಾರಿ ಹೀಗಿದೆ.

ಹಂತ 1: ಪೆನ್‌ಡ್ರೈವ್, ಪ್ರಿಂಟರ್, ಹೊರಗಿನ ಹಾರ್ಡ್‌ಡಿಸ್ಕ್ ಎಲ್ಲ ಕಿತ್ತು ಒಮ್ಮೆ ಆನ್ ಮಾಡಿ.

ಹಂತ 2: ರಿಕವರಿ ಪರದೆ ತರಿಸಿ. ಲೋಗೋ ಕಂಡ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು ಮೂರು ಸಲ ಹೀಗೆ ಮಾಡಿದರೆ ವಿಂಡೋಸ್ ತಾನಾಗಿ ರಿಪೇರಿ ಪರದೆಗೆ ಹೋಗುತ್ತದೆ. ಎಫ್8 ಕುಟ್ಟುತ್ತಾ ಕೂರಬೇಡಿ, ಆ ಕಾಲ ವಿಂಡೋಸ್ 7ಕ್ಕೇ ಮುಗಿಯಿತು. ಆದರೆ ‘ಅಪ್‌ಡೇಟ್ಸ್ ಆಗುತ್ತಿವೆ, ಆಫ್ ಮಾಡಬೇಡಿ’ ಎಂದು ಶೇಕಡಾ ತೋರಿಸುತ್ತಿರುವಾಗ ಮಾತ್ರ ಬಟನ್ ಮುಟ್ಟಬೇಡಿ.

ಇಲ್ಲಿ ಕೆಲವರಿಗೆ ಬಿಟ್‌ಲಾಕರ್ ಕೀ, ಅಂದರೆ ಡಿಸ್ಕ್‌ಗೆ ಹಾಕಿದ ಬೀಗ ತೆಗೆಯುವ ಸಂಖ್ಯೆ, ಕೇಳುತ್ತದೆ. ಅದು 48 ಅಂಕಿಯದ್ದು, ಊಹಿಸಿ ಹಾಕುವಂಥದ್ದಲ್ಲ. ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ನೋಡಿ, ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಒಂದಕ್ಕಿಂತ ಜಾಸ್ತಿ ಕೀ ಕಂಡರೆ ಪರದೆ ಮೇಲಿನ ‘ಕೀ ಐಡಿ’ಗೆ ಹೊಂದುವುದನ್ನೇ ಹಾಕಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಐಟಿಯವರನ್ನು ಕೇಳಿ.

ಹಂತ 3: ಎಲ್ಲರೂ ಎಡವುವುದು ಇಲ್ಲಿ. ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್ಡ್ ಆಪ್ಷನ್ಸ್’ ತೆರೆದರೆ ಐದಾರು ಬಟನ್‌ಗಳು ಕಾಣುತ್ತವೆ. ಎಲ್ಲವನ್ನೂ ಒಂದೊಂದು ಸಲ ಒತ್ತಬೇಡಿ. ‘ಸ್ಟಾರ್ಟಪ್ ರಿಪೇರಿ’ ಒಮ್ಮೆ ಓಡಿಸಿ. ಆಗಲಿಲ್ಲವೆಂದರೆ ಮತ್ತೆ ಮತ್ತೆ ಓಡಿಸಿ ಪ್ರಯೋಜನವಿಲ್ಲ. ಆಮೇಲೆ ಕೊನೆಗೆ ಬದಲಾಗಿದ್ದು ಏನು ಎಂದು ನೆನಪಿಸಿಕೊಳ್ಳಿ.

ಬದಲಾಗಿದ್ದು ವಿಂಡೋಸ್ ಅಪ್‌ಡೇಟ್ ಆದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಒತ್ತಿ. ಅಲ್ಲಿ ಎರಡು ಆಯ್ಕೆ. ಪ್ರತಿ ತಿಂಗಳು ಬರುವ ಸಣ್ಣದು ‘ಕ್ವಾಲಿಟಿ’, ಆವೃತ್ತಿಯನ್ನೇ ಬದಲಿಸುವ ದೊಡ್ಡದು ‘ಫೀಚರ್’. ಮೊದಲು ಕ್ವಾಲಿಟಿಯನ್ನು ತೆಗೆಯಿರಿ. ಯಂತ್ರ ಎದ್ದ ಕೂಡಲೇ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್‌ಗೆ ‘ಪಾಝ್’ (ತಾತ್ಕಾಲಿಕ ತಡೆ) ಕೊಡಿ, ಇಲ್ಲದಿದ್ದರೆ ಅದೇ ಅಪ್‌ಡೇಟ್ ಮತ್ತೆ ಬಂದು ಕೂರುತ್ತದೆ.

ಡ್ರೈವರ್ ಅಥವಾ ಆಂಟಿವೈರಸ್ ಮೇಲೆ ಅನುಮಾನವಿದ್ದರೆ ‘ಸ್ಟಾರ್ಟಪ್ ಸೆಟ್ಟಿಂಗ್ಸ್’, ರೀಸ್ಟಾರ್ಟ್, ಆಮೇಲೆ 4 ಒತ್ತಿ. ಇದು ಸೇಫ್ ಮೋಡ್, ಅಂದರೆ ಅತ್ಯಗತ್ಯವಾದ ಡ್ರೈವರ್‌ಗಳಷ್ಟೇ ಓಡುವ ಸ್ಥಿತಿ. ಇಲ್ಲಿ ಪಿನ್ ಕೈಕೊಡಬಹುದು, ಪಾಸ್‌ವರ್ಡ್ ನೆನಪಿರಲಿ. ಸೇಫ್ ಮೋಡ್‌ನಲ್ಲಿ ಯಂತ್ರ ಎದ್ದಿತೆಂದರೆ ಅರ್ಧ ಚಿಂತೆ ಕಳೆಯಿತು, ತಪ್ಪು ಹೆಚ್ಚಾಗಿ ಹೊರಗಿನಿಂದ ಬಂದ ಡ್ರೈವರ್‌ನದ್ದೋ ಪ್ರೋಗ್ರಾಮ್‌ನದ್ದೋ ಆಗಿರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಡ್ರೈವರ್‌ನ ಪ್ರಾಪರ್ಟೀಸ್ ತೆರೆದು ‘ರೋಲ್ ಬ್ಯಾಕ್’ ಒತ್ತಿ. ಆ ಬಟನ್ ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ ಎಂದರ್ಥ, ಆಗ ಡಿವೈಸನ್ನೇ ಅನ್‌ಇನ್‌ಸ್ಟಾಲ್ ಮಾಡಿ. ಅನುಮಾನ ಪ್ರೋಗ್ರಾಮ್ ಮೇಲಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ಆದರೆ ಕೆಲವು ಪ್ರೋಗ್ರಾಮ್‌ಗಳನ್ನು ಸೇಫ್ ಮೋಡ್‌ನಲ್ಲಿ ತೆಗೆಯಲು ಬರುವುದಿಲ್ಲ, ಏಕೆಂದರೆ ವಿಂಡೋಸ್ ಇನ್‌ಸ್ಟಾಲರ್ ಸೇವೆ ಅಲ್ಲಿ ನಡೆಯುವುದಿಲ್ಲ. ಅಂಥವನ್ನು ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ, ಸರ್ವೀಸಸ್‌ನಲ್ಲಿ ನಿಲ್ಲಿಸಿ, ಮಾಮೂಲಿಯಾಗಿ ಬೂಟ್ ಮಾಡಿದ ಮೇಲೆ ತೆಗೆಯಿರಿ.

ಎಂಎಸ್‌ಕಾನ್ಫಿಗ್ ಎಂಬ ವಿಂಡೋಸ್ ಸೆಟ್ಟಿಂಗ್ ಸಾಧನದಲ್ಲಿ ‘ಸೇಫ್ ಬೂಟ್’ ಟಿಕ್ ಮಾಡುವ ಅಡ್ಡದಾರಿ ಬೇಡ. ಟಿಕ್ ತೆಗೆಯುವ ತನಕ ಯಂತ್ರ ಪ್ರತಿ ಸಲ ಸೇಫ್ ಮೋಡ್‌ಗೇ ಹೋಗುತ್ತದೆ. ಪಾಸ್‌ವರ್ಡೂ ಮರೆತಿದ್ದರೆ ಹೊರಗೇ ಉಳಿಯುತ್ತೀರಿ. ‘ಎಲ್ಲ ಡ್ರೈವರ್ ಒಂದೇ ಕ್ಲಿಕ್‌ನಲ್ಲಿ ಅಪ್‌ಡೇಟ್’ ಎನ್ನುವ ಸಾಫ್ಟ್‌ವೇರ್, ರಿಜಿಸ್ಟ್ರಿ (ವಿಂಡೋಸ್ ಸೆಟ್ಟಿಂಗ್‌ಗಳ ಭಂಡಾರ) ಕ್ಲೀನರ್ ಇದ್ದರೆ ಈಗಲೇ ತೆಗೆದುಹಾಕಿ. ಸುಮ್ನೆ ತೊಂದರೆ ತಂದುಕೊಳ್ಳುವ ಕೆಲಸ ಅವು.

2024ರ ಜುಲೈ 19ರಂದು ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಆಗಲೂ ಕೈಯಿಂದ ಮಾಡಬೇಕಿದ್ದ ಪರಿಹಾರ ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸುವುದಷ್ಟೇ.

ಹಂತ 4: ಇಷ್ಟಕ್ಕೂ ಬಗ್ಗದಿದ್ದರೆ ‘ಸಿಸ್ಟಮ್ ರಿಸ್ಟೋರ್’. ನಿಮ್ಮ ಫೋಟೊ, ದಾಖಲೆಗಳನ್ನು ಅದು ಮುಟ್ಟುವುದಿಲ್ಲ. ರಿಸ್ಟೋರ್ ಪಾಯಿಂಟ್, ಅಂದರೆ ವಿಂಡೋಸ್ ಮೊದಲೇ ಉಳಿಸಿಟ್ಟ ಹಳೆಯ ಸ್ಥಿತಿ, ಇರಬೇಕು, ಅಷ್ಟೇ.

ಹಂತ 5: ರೀಸೆಟ್ (ವಿಂಡೋಸನ್ನು ಹೊಸದಾಗಿ ಹಾಕುವುದು) ಮಾಡಲೇಬೇಕು ಎಂದಾದರೆ ಮೊದಲು ಫೈಲ್ ಹೊರಗೆ ತೆಗೆಯಿರಿ. ರಿಕವರಿ ಪರದೆಯಲ್ಲಿ ‘ಕಮಾಂಡ್ ಪ್ರಾಂಪ್ಟ್’ ತೆರೆದು ‘ನೋಟ್‌ಪ್ಯಾಡ್’ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ನೋಟ್‌ಪ್ಯಾಡ್‌ನಲ್ಲಿ ಫೈಲ್, ಓಪನ್ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿ. ಆ ಪುಟ್ಟ ಕಿಟಕಿಯಲ್ಲೇ ನಿಮ್ಮ ಫೋಲ್ಡರ್‌ಗಳು ಕಾಣುತ್ತವೆ. ರೈಟ್ ಕ್ಲಿಕ್ ಮಾಡಿ ಕಾಪಿ ಮಾಡಿ, ಪೆನ್‌ಡ್ರೈವ್‌ನಲ್ಲಿ ಪೇಸ್ಟ್ ಮಾಡಿ. ಡ್ರೈವ್ ಅಕ್ಷರಗಳು ಇಲ್ಲಿ ಅದಲು ಬದಲಾಗಿರಬಹುದು, ಸಿ ಡ್ರೈವ್‌ನಲ್ಲಿ ಇಲ್ಲದಿದ್ದರೆ ಡಿ ನೋಡಿ. ಎಷ್ಟು ಕಾಪಿ ಆಯಿತೆಂದು ತೋರಿಸುವ ಪಟ್ಟಿ ಬರುವುದಿಲ್ಲ, ಕಿಟಕಿ ಸತ್ತಂತೆ ಕಾಣುತ್ತದೆ. ಕಾಯಿರಿ, ಕಿತ್ತುಬಿಡಬೇಡಿ. ಆಮೇಲೆ ರೀಸೆಟ್‌ನಲ್ಲಿ ‘ಕೀಪ್ ಮೈ ಫೈಲ್ಸ್’ ಆರಿಸಿ. ಹಾಕಿಕೊಂಡಿದ್ದ ಸಾಫ್ಟ್‌ವೇರ್‌ಗಳು ಹೇಗೂ ಹೋಗುತ್ತವೆ.