ಗಾಲ್ಫ್ ಕ್ಯಾಡಿ ಕೆಲಸದಲ್ಲಿ ನಾನು ದುಡಿದದ್ದು ಹೀಗೆ

ಕ್ಯಾಡಿ ಅಂದರೆ ಗಾಲ್ಫ್ ಆಟಗಾರರ ಕೋಲುಗಳ ಬ್ಯಾಗ್ ಹೊರುವ ಕೆಲಸ ಅಂತಲೇ ಹೊರಗಿನವರು ತಿಳಿದಿರುತ್ತಾರೆ. ಹೊರುವುದು ಹೌದು. ಆದರೆ ಬರೀ ಹೊರುವುದನ್ನೇ ನಂಬಿದರೆ ಇದರಲ್ಲಿ ಸಂಸಾರ ನಡೆಯುವುದು ಕಷ್ಟ. ಇವತ್ತು ಆಡಿದವರು ಮುಂದಿನ ವಾರ ಬಂದಾಗ ಕ್ಯಾಡಿಗಳಿಗೆ ಕೆಲಸ ಹಂಚುವ ಕ್ಯಾಡಿ ಮಾಸ್ಟರ್ ಹತ್ತಿರ ನಿಮ್ಮ ಹೆಸರು ಹಿಡಿದು ಕೇಳಬೇಕು. ನನ್ನ ಸಂಪಾದನೆ ನಿಂತದ್ದೇ ಅದರ ಮೇಲೆ.

ಎಲ್ಲರೂ ಮೊದಲು ಕೇಳುವುದು ದುಡ್ಡಿನ ವಿಷಯ. ಅದನ್ನೇ ಮೊದಲು ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಕ್ಯಾಡಿಗೆ ತಿಂಗಳ ಸಂಬಳ ಇರುವುದಿಲ್ಲ. ಒಂದು ರೌಂಡಿಗೆ, ಅಂದರೆ ಒಂದು ಪೂರ್ತಿ ಆಟಕ್ಕೆ, ಇಷ್ಟು ಅಂತ ದರ ಇರುತ್ತದೆ, ಅದರ ಮೇಲೆ ಆಟಗಾರರು ಕೊಡುವ ಟಿಪ್ಸ್. ಅನುಭವ ನೋಡಿ ದರ್ಜೆ ಮಾಡಿರುವ ಕ್ಲಬ್‌ಗಳಲ್ಲಿ ಮೇಲಿನ ದರ್ಜೆಯವರಿಗೆ ದರ ಜಾಸ್ತಿ. ಬೆಳಕು ಹರಿಯುವ ಮೊದಲೇ ಹೋಗಿ ಹೆಸರು ಬರೆಸಿ ಸರದಿ ಕಾಯಬೇಕು. ಸರದಿ ಬರದಿದ್ದರೆ ಆ ದಿನ ಬರಿಗೈ. ಜೋರು ಮಳೆಗೆ ಕೋರ್ಸ್ ಮುಚ್ಚಿದರೂ ಅಷ್ಟೇ. ಬೇರಿಗೆ ಗಾಳಿಯಾಡಲಿ ಅಂತ ಗ್ರೀನ್, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗದ ತುಂಬಾ ತೂತು ಹೊಡೆದು ಮರಳು ಹಾಕುವ ದಿನಗಳಲ್ಲಿ ಆಡಲು ಬರುವವರೇ ಕಡಿಮೆ. ಹೊಸಬರು ಒಳ್ಳೆಯ ತಿಂಗಳ ಗಳಿಕೆಯನ್ನು ನೋಡಿ ಖರ್ಚು ಇಟ್ಟುಕೊಳ್ಳಬಾರದು. ವರ್ಷದ ಲೆಕ್ಕ ಹಾಕಿ, ಅದನ್ನು ಹನ್ನೆರಡರಿಂದ ಭಾಗಿಸಿ ನೋಡಿ. ಆಗಲೇ ನಿಜ ಗೊತ್ತಾಗುವುದು.

ಒಂದು ರೌಂಡಿನ 18 ಹೋಲ್ (ಬಾಲ್ ಬೀಳಿಸಬೇಕಾದ ಕುಳಿಗಳು) ಮುಗಿಯಲು ನಾಲ್ಕರಿಂದ ಐದು ಗಂಟೆ ಬೇಕು. 8ರಿಂದ 10 ಕಿಲೋಮೀಟರ್ ನಡಿಗೆ. ದಿನಕ್ಕೆ ಎರಡು ರೌಂಡ್ ಮಾಡಬಹುದು, ಮೈ ತಡೆದರೆ. ಎರಡು ಹೆಗಲಿಗೂ ಒಂದೊಂದು ಬ್ಯಾಗ್ ಹಾಕಿಕೊಂಡರೆ ಒಂದೇ ರೌಂಡಿನಲ್ಲಿ ಎರಡು ರೌಂಡಿನ ದುಡ್ಡು. ನಾನೂ ಹಾಗೆ ಹೊತ್ತಿದ್ದೇನೆ. ಆದರೆ ಒಬ್ಬರ ಬಾಲ್ ಎಡಕ್ಕೆ, ಇನ್ನೊಬ್ಬರದು ಬಲಕ್ಕೆ ಹೋದರೆ ಇಬ್ಬರಿಗೂ ಸಿಗುವುದು ಅರ್ಧ ಕ್ಯಾಡಿ. ಹೆಸರು ಹಿಡಿದು ಕೇಳುವವರು ಹೆಚ್ಚಾದ ಮೇಲೆ ಒಂದೇ ಬ್ಯಾಗಿಗೆ ನಿಂತೆ. ಖಾಯಂ ಆಟಗಾರರ ಟಿಪ್ಸ್ ಆ ವ್ಯತ್ಯಾಸ ತುಂಬಿಕೊಟ್ಟಿತು.

ಅವರು ನನ್ನನ್ನೇ ಕೇಳುತ್ತಿದ್ದದ್ದಕ್ಕೆ ಮುಖ್ಯ ಕಾರಣ ದೂರದ ಲೆಕ್ಕ. ಒಂದು ಹೊಡೆತದ್ದು ಹೇಳುತ್ತೇನೆ. ಗ್ರೀನ್ ಮಧ್ಯಕ್ಕೆ 150 ಯಾರ್ಡ್ (ಗಜ) ಅಂತ ಫೇರ್‌ವೇಯಲ್ಲಿ, ಅಂದರೆ ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ದಾರಿಯಲ್ಲಿ, ಗುರುತು ಇದೆ. ಬಾಲ್ ಆ ಗುರುತಿನಿಂದ ಆರು ಯಾರ್ಡ್ ಮುಂದೆ ಬಿದ್ದಿದೆ, ಅಂದರೆ 144. ಕುಳಿಯಲ್ಲಿ ನೆಟ್ಟ ಫ್ಲ್ಯಾಗ್ ಮಧ್ಯದಿಂದ ಎಂಟು ಯಾರ್ಡ್ ಹಿಂದಿದೆ, 152 ಆಯಿತು. ಗ್ರೀನ್ ಹದಿನೈದು ಅಡಿ ಎತ್ತರದಲ್ಲಿದೆ. ಮೂರು ಅಡಿ ಏರಿಗೆ ಒಂದು ಯಾರ್ಡ್ ಸೇರಿಸಿದರೆ 157. ಮುಂದಿನ ಬಂಕರ್ (ಮರಳಿನ ಗುಂಡಿ) ದಾಟಲು ಎಷ್ಟು ಬೇಕು, ಗ್ರೀನ್ ಹಿಂದೆ ಏನಿದೆ ಅನ್ನುವುದೂ ಬಾಯಲ್ಲೇ ಇರಬೇಕು. ಮರದ ತುದಿ ನೋಡಿ ಗಾಳಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಾವು ನಿಂತ ಕಡೆ ಎಲೆ ಅಲ್ಲಾಡದಿದ್ದರೂ ಮೇಲೆ ಗಾಳಿ ಇರುತ್ತದೆ. ಇಷ್ಟೆಲ್ಲ ಆಟಗಾರರು ಬಾಲ್ ಹತ್ತಿರ ಬರುವಷ್ಟರಲ್ಲಿ ಮುಗಿದಿರಬೇಕು. ಅವರು ಕೇಳಿದಾಗ ಒಂದೇ ಸಂಖ್ಯೆ ಹೇಳಬೇಕು. "157 ಸರ್, ಬಂಕರ್ ದಾಟಲು 138 ಸಾಕು." ಅಷ್ಟೇ. "157 ಇರಬಹುದು, 160 ಕೂಡ ಆಗಬಹುದು" ಅಂದರೆ ಅವರ ಕೈ ಅನುಮಾನದಲ್ಲೇ ಬೀಸುತ್ತದೆ.

ಈಗ ಲೇಸರ್ ಇದೆಯಲ್ಲ, ಕ್ಯಾಡಿ ಯಾಕೆ ಅಂತ ಕೇಳುತ್ತಾರೆ. ಲೇಸರ್ ಫ್ಲ್ಯಾಗಿನ ದೂರ ಹೇಳುತ್ತದೆ, ಸರಿ. ರಫ್‌ನಲ್ಲಿ, ಅಂದರೆ ಪಕ್ಕದ ಉದ್ದ ಹುಲ್ಲಿನಲ್ಲಿ, ಬಾಲಿಗೂ ಕ್ಲಬ್ಬಿಗೂ (ಹೊಡೆಯುವ ಕೋಲಿಗೂ) ನಡುವೆ ಹುಲ್ಲು ಸಿಕ್ಕಿ, ಬಾಲ್ ಸ್ಪಿನ್ ಇಲ್ಲದೆ ಬಿದ್ದು ಉರುಳಿಕೊಂಡು ಹೋಗುತ್ತದೆ ಅಂತ ಅದು ಹೇಳುವುದಿಲ್ಲ. ಎದುರಿಗಿರುವವರು ನಿಜವಾಗಿ ಎಷ್ಟು ದೂರ ಹೊಡೆಯುತ್ತಾರೆ ಅಂತಲೂ ಅದಕ್ಕೆ ಗೊತ್ತಿಲ್ಲ. 7 ಐರನ್ ಅನ್ನುವ ಕ್ಲಬ್‌ನಲ್ಲಿ ಬಾಲ್ ಎಷ್ಟು ದೂರ ಹೋಗುತ್ತದೆ ಅಂತ ಯಾರನ್ನೇ ಕೇಳಿ, ತಮ್ಮ ಒಳ್ಳೆಯ ಹೊಡೆತದ ದೂರವನ್ನೇ ಹೇಳುತ್ತಾರೆ. ಹಾಗಾಗಿ ನಾನು ಮೊದಲ ಎರಡು ಮೂರು ಹೋಲ್ ಸುಮ್ನೆ ನೋಡುತ್ತಿದ್ದೆ. ಸಾಮಾನ್ಯ ಹೊಡೆತ ಎಲ್ಲಿ ಬೀಳುತ್ತದೆ, ಯಾವ ಬದಿಗೆ ವಾಲುತ್ತದೆ ಅಂತ ಸಂಜೆ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ. ಅವರು ತಿಂಗಳು ಬಿಟ್ಟು ಬಂದರೂ ಆ ಪುಟ ತೆಗೆದು ನೋಡಿಕೊಂಡೇ ಹೊರಡುತ್ತಿದ್ದೆ.

ಗ್ರೀನ್ ಮೇಲಿನ ಕೆಲಸ ನನಗೆ ಬಹಳ ಇಷ್ಟ. ಇಳಿಜಾರು ಕಣ್ಣಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತದೆ. ಹುಲ್ಲು ಯಾವ ಕಡೆ ಮಲಗಿದೆ ಅಂತ ನೋಡಬೇಕು. ನೀವು ನಿಂತ ಕಡೆಯಿಂದ ಹುಲ್ಲು ಹೊಳೆಯುತ್ತಿದ್ದರೆ ಅದು ನಿಮ್ಮಿಂದ ಆಚೆಗೆ ಮಲಗಿದೆ, ಬಾಲ್ ಓಡುತ್ತದೆ. ಮಂಕಾಗಿ ಕಂಡರೆ ಎದುರು ಹುಲ್ಲು, ಸ್ವಲ್ಪ ಜೋರು ಬೇಕು. ಅನುಮಾನ ಇದ್ದರೆ ಕಪ್ (ಕುಳಿ) ಹತ್ತಿರ ಬಗ್ಗಿ ನೋಡಿ. ಒಂದು ಬದಿಯ ಅಂಚು ಸವೆದು ಹರಿದ ಹಾಗಿರುತ್ತದೆ, ಹುಲ್ಲು ಬೆಳೆಯುತ್ತಿರುವುದು ಆ ಕಡೆಗೆ. ಬೆಳಗಿನ ಮಂಜಿಗೆ ಗ್ರೀನ್ ನಿಧಾನ, ಬಿಸಿಲೇರಿ ಒಣಗಿದ ಹಾಗೆ ಅದೇ ಗ್ರೀನ್ ಚುರುಕು. ನನ್ನ ಪ್ರಕಾರ ಲೈನ್‌ಗಿಂತ, ಅಂದರೆ ಬಾಲ್ ಉರುಳುವ ದಿಕ್ಕಿಗಿಂತ, ವೇಗ ಮುಖ್ಯ. ವೇಗ ಸರಿ ಇದ್ದರೆ ಲೈನ್ ಸ್ವಲ್ಪ ತಪ್ಪಿದರೂ ಬಾಲ್ ಕಪ್ ಹತ್ತಿರವೇ ನಿಲ್ಲುತ್ತದೆ.

ಕಳೆದ ಬಾಲ್ ಹುಡುಕುವುದರಲ್ಲೂ ಹೆಸರು ಬರುತ್ತದೆ. ಮೊದಲು ಹುಡುಕಲು ಐದು ನಿಮಿಷ ಸಿಗುತ್ತಿತ್ತು, 2019ರಿಂದ ಮೂರೇ ನಿಮಿಷ. ಬಾಲ್ ಹಾರುವಾಗ ಆಟಗಾರರ ಮುಖ ನೋಡಬಾರದು. ಅದು ಬಿದ್ದ ಜಾಗದ ಹಿಂದೆ ಒಂದು ಮರವನ್ನೋ ಪೊದೆಯನ್ನೋ ಗುರುತು ಹಿಡಿದು, ಕಣ್ಣು ತೆಗೆಯದೆ ನೇರ ಅಲ್ಲಿಗೇ ನಡೆಯಬೇಕು. ಬಂಕರ್‌ಗೆ ಕುಂಟೆ ಎಳೆಯುವುದು, ಕಿತ್ತ ಹುಲ್ಲಿನ ಹೆಂಟೆ ಮತ್ತೆ ಕೂರಿಸುವುದು, ಕ್ಲಬ್ ಮುಖದ ಗೆರೆಗಳಲ್ಲಿ ಸಿಕ್ಕಿದ ಮಣ್ಣು ಒರೆಸುವುದು, ಇವೆಲ್ಲ ಹೇಳಿಸಿಕೊಳ್ಳದೆ ಆಗಬೇಕಾದ ಕೆಲಸಗಳು.

ನಿಯಮ ಓದದೆ ಕ್ಯಾಡಿ ಆಗಬೇಡಿ. ಕ್ಯಾಡಿ ತಪ್ಪಿದರೆ ದಂಡ ಆಟಗಾರರಿಗೆ. ಬ್ಯಾಗಿನಲ್ಲಿ 14ಕ್ಕಿಂತ ಜಾಸ್ತಿ ಕ್ಲಬ್ ಇರಬಾರದು. 2001ರ ಬ್ರಿಟಿಷ್ ಓಪನ್‌ನ ಕೊನೆಯ ದಿನ ವೃತ್ತಿಪರ ಆಟಗಾರ ಇಯಾನ್ ವೂಸ್ನಮ್ ಮೊದಲ ಹೋಲ್ ಚೆನ್ನಾಗಿ ಆಡಿ ಎರಡನೇ ಟೀಗೆ (ಹೋಲ್ ಆಟ ಶುರುವಾಗುವ ಜಾಗಕ್ಕೆ) ಬಂದಾಗ ಬ್ಯಾಗಿನಲ್ಲಿ ದೂರ ಹೊಡೆಯುವ ಡ್ರೈವರ್ ಕ್ಲಬ್ ಇನ್ನೊಂದು ಸಿಕ್ಕಿತು. ಒಟ್ಟು ಹದಿನೈದು ಕ್ಲಬ್! ಎರಡು ಸ್ಟ್ರೋಕ್ (ಹೊಡೆತ) ದಂಡ ಬಿತ್ತು. ಅಂಥಾ ಪಂದ್ಯದಲ್ಲೇ ಹಾಗಾಗುತ್ತದೆ ಅಂದರೆ ನಾವು ಎಷ್ಟು ಎಚ್ಚರ ಇರಬೇಕು, ಅಲ್ವಾ? ನಾನು ಮೊದಲ ಟೀಯಲ್ಲಿ ಕೈಯಿಂದ ಮುಟ್ಟಿ ಮುಟ್ಟಿ ಎಣಿಸುತ್ತಿದ್ದೆ. 2019ರ ನಿಯಮಗಳಲ್ಲಿ ನಮಗೆ ಸಂಬಂಧಪಟ್ಟ ಬದಲಾವಣೆ ಇನ್ನೂ ಎರಡಿವೆ. ಆಟಗಾರರು ಹೊಡೆಯಲು ನಿಲ್ಲುವಾಗ ಗುರಿ ಸರಿ ಮಾಡಿಕೊಡಲು ಬಾಲಿನ ಹಿಂದೆ ಲೈನ್‌ನಲ್ಲಿ ನಿಲ್ಲುವ ಹಾಗಿಲ್ಲ. ಗ್ರೀನ್ ಮೇಲೆ ಮಾತ್ರ ಮಾರ್ಕ್ ಇಟ್ಟು ಅವರ ಬಾಲನ್ನು ಕೇಳದೆಯೇ ಎತ್ತಬಹುದು.

ಕೆಟ್ಟ ಹೊಡೆತ ಆದ ಮೇಲೆ ಏನು ಮಾತಾಡಬೇಕು ಅಂತ ಹೊಸಬರು ಕೇಳುತ್ತಾರೆ. ಏನೂ ಮಾತಾಡಬೇಡಿ. ಕ್ಲಬ್ ಇಸಿದುಕೊಂಡು, ಒರೆಸಿ, ಒಳಗಿಟ್ಟು ನಡೆಯಿರಿ. ಮುಂದಿನ ಬಾಲ್ ಹತ್ತಿರ ದೂರ ಹೇಳಿ. ತಪ್ಪು ಎಲ್ಲಾಯಿತು ಅಂತ ಅವರು ಕೇಳಿದರೆ ಮಾತ್ರ, ಕಂಡಷ್ಟನ್ನು ಹೇಳಿ.

ವೃತ್ತಿಪರ ಆಟಗಾರರ ಜೊತೆ ಊರೂರು ಸುತ್ತುವ ಕ್ಯಾಡಿಗಳ ಲೆಕ್ಕ ಬೇರೆ. ಅವರಿಗೆ ವಾರಕ್ಕೆ ಇಷ್ಟು ಅಂತ ಮಾತಾಗಿರುತ್ತದೆ, ಜೊತೆಗೆ ಬಹುಮಾನದಲ್ಲಿ ಪಾಲು. ರೂಢಿಯಲ್ಲಿ ಕಟ್ ದಾಟಿದರೆ (ಮೊದಲ ಸುತ್ತುಗಳ ನಂತರವೂ ಪಂದ್ಯದಲ್ಲಿ ಉಳಿದರೆ) ಶೇ. 5, ಮೊದಲ ಹತ್ತರೊಳಗೆ ಬಂದರೆ ಶೇ. 7, ಗೆದ್ದರೆ ಶೇ. 10. ಪ್ರಯಾಣ, ವಸತಿ ಸಾಮಾನ್ಯವಾಗಿ ಕ್ಯಾಡಿಯ ಕೈಯಿಂದಲೇ. ಹಾಗಾಗಿ ಕಟ್ ತಪ್ಪಿದ ವಾರ ಹೆಚ್ಚೇನೂ ಉಳಿಯುವುದಿಲ್ಲ. ಮಾತು ಮೊದಲೇ ಸ್ಪಷ್ಟವಾಗಿರಲಿ. 2018ರಲ್ಲಿ ಮೆಕ್ಸಿಕೋದ ಪಂದ್ಯ ಗೆದ್ದ ಮ್ಯಾಟ್ ಕೂಚರ್‌ಗೆ ಸುಮಾರು 13 ಲಕ್ಷ ಡಾಲರ್ ಬಂತು. ಆ ವಾರಕ್ಕೆ ಅಂತ ಬ್ಯಾಗ್ ಹಿಡಿದ ಸ್ಥಳೀಯ ಕ್ಯಾಡಿಗೆ ಸಿಕ್ಕಿದ್ದು 5,000 ಡಾಲರ್. ಸುದ್ದಿ ಹೊರಬಂದು ಜನ ಕೇಳಲು ಶುರು ಮಾಡಿದ ಮೇಲೆ ಅದು 50,000 ಆಯಿತು. ಪಂದ್ಯಕ್ಕೆ ಯಾರೇ ಕರೆದರೂ ವಾರದ ದುಡ್ಡು, ಗೆದ್ದರೆ ಪಾಲು, ಎರಡನ್ನೂ ಕೇಳಿಕೊಂಡೇ ನಾನು ಹೂಂ ಅನ್ನುತ್ತಿದ್ದೆ.

ಮೈ ನೋಡಿಕೊಳ್ಳಿ. ಬ್ಯಾಗನ್ನು ಒಂದೇ ಹೆಗಲಿಗೆ ಹಾಕಬೇಡಿ, ಎರಡು ಪಟ್ಟಿ ಬಳಸಿ. "ಫೋರ್" ಅಂತ ಕೂಗು (ಬಾಲ್ ಬರುತ್ತಿದೆ, ಎಚ್ಚರ ಅಂತ ಅರ್ಥ) ಕೇಳಿದರೆ ತಿರುಗಿ ನೋಡಬೇಡಿ, ತಲೆ ಮುಚ್ಚಿಕೊಂಡು ಬಗ್ಗಿ. ಗುಡುಗು ಕೇಳಿಸಿತೆಂದರೆ ಆಟ ಎಷ್ಟೇ ಬಿಗಿಯಾಗಿರಲಿ, ಮರದಡಿ ನಿಲ್ಲದೆ ಕಟ್ಟಡದ ಒಳಗೆ ಹೋಗಿ. ಹೆಗಲ ಮೇಲಿರುವುದು ಲೋಹದ ಕೋಲುಗಳ ಕಟ್ಟು ಅನ್ನುವುದು ನೆನಪಿರಲಿ.

ಗಾಲ್ಫ್ ಕಾರ್ಟ್ ಬಂದ ಮೇಲೆ ಬ್ಯಾಗ್ ಹೊರುವ ಕೆಲಸ ಕಡಿಮೆ ಆಗಿರುವುದು ನಿಜ. ನಾನು ಆಗ ಫೋರ್ ಕ್ಯಾಡಿ, ಅಂದರೆ ಮುಂದೆ ನಿಂತು ಬಾಲ್ ನೋಡುವ ಕ್ಯಾಡಿ ಕೆಲಸ ಹಿಡಿದೆ. ಬ್ಯಾಗೆಲ್ಲ ಕಾರ್ಟಿನಲ್ಲೇ ಇರುತ್ತವೆ. ನಾವು ಮುಂದೆ ಹೋಗಿ ನಿಂತು ಒಟ್ಟಿಗೆ ಆಡುವ ನಾಲ್ಕೂ ಜನರ ಬಾಲ್ ಎಲ್ಲಿ ಬಿತ್ತು ಅಂತ ಗುರುತು ಹಿಡಿದು, ದೂರ ಹೇಳಿ, ಗ್ರೀನ್ ಓದಿಕೊಡಬೇಕು. ಓಡಾಟ ಜಾಸ್ತಿ, ಹೆಗಲು ಹಗುರ. ಟಿಪ್ಸ್ ನಾಲ್ಕು ಜನರಿಂದ ಬರುತ್ತದೆ, ಮುಂದಿನ ಸಲ ಹೆಸರು ಹಿಡಿದು ಕೇಳುವವರೂ ನಾಲ್ಕು ಜನ.